ಬಾರದ ಸಾಹೇಬರ ಹನ್ನೆರಡು ಭೇಟಿ

ಅಧಿಕಾರಿ: ನೋಡಪ್ಪಾ, ಬೇರೆಯವರ ಸಹಿ ಹಾಕು ಅಂತ ನಾನು ಹೇಳ್ತಿಲ್ಲ. ನಿನ್ನ ಸಹಿ ನೀನು ಹಾಕೋಕೆ ಇಷ್ಟೊಂದು ಮೀನಮೇಷ ಎಣಿಸ್ತೀಯಲ್ಲ.

ದುಂಡಕ್ಷರ: ಸಹಿ ನಂದೇ ಸ್ವಾಮಿ. ತಾರೀಖು ಯಾರದ್ದು?

ಅಧಿಕಾರಿ: ತಾರೀಖು ಸರ್ಕಾರದ್ದು.

ಹೆಂಡತಿ: ಇಲ್ಲಿ ಜನವರಿ ಆರು ಅಂತ ಬರೆದಿದೆ. ಇವತ್ತು ಡಿಸೆಂಬರ್ ಮೂವತ್ತು. ಸರ್ಕಾರದವರ ಗೋಡೆ ಮೇಲೂ ಕ್ಯಾಲೆಂಡರ್ ಇರುತ್ತಲ್ವಾ ಸಾರ್?

ಮೂವರೂ ಇದ್ದದ್ದು ಹೆಂಡತಿಯ ಹೊಲಿಗೆ ಕೋಣೆಯಲ್ಲಿ. ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದ ಯಾರದೋ ಕೋಟಿನ ತೋಳನ್ನು ಪಕ್ಕಕ್ಕೆ ತಳ್ಳಿ, ಸಾಹೇಬರು ಹನ್ನೆರಡು ಹಾಳೆಗಳನ್ನು ಸಾಲಾಗಿ ಹರಡಿದ್ದರು. ತಿಂಗಳಿಗೊಂದು ಹಾಳೆ. ಇವರು ಪ್ರೊಬೇಷನ್ ಅಧಿಕಾರಿ. ಜೈಲಿಗೆ ಹೋಗದೆ ಊರಿನಲ್ಲೇ ಇದ್ದು ಶಿಕ್ಷೆ ಮುಗಿಸುವವರ ಮೇಲೆ ಸರ್ಕಾರ ಸಂಬಳ ಕೊಟ್ಟು ಇಟ್ಟಿರುವ ಕಣ್ಣು. ಆ ಕಣ್ಣು ಈ ಮನೆಯ ಮೇಲೆ ಬಿದ್ದದ್ದು ಇವತ್ತೇ ಮೊದಲು.

ಗಂಡನ ನಿಜವಾದ ಹೆಸರು ಕೋರ್ಟಿನ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಇಪ್ಪತ್ತೆರಡು ವರ್ಷ ಸರ್ಕಾರಿ ಕಚೇರಿಯ ಮೆಟ್ಟಿಲ ಬುಡದಲ್ಲಿ ಕೂತು ಜನರಿಗೆ ಅರ್ಜಿ ಬರೆದುಕೊಟ್ಟವನು. ಅಕ್ಷರ ದುಂಡಗಿದ್ದದ್ದಕ್ಕೆ ಊರೆಲ್ಲ ದುಂಡಕ್ಷರ ಎಂದೇ ಕರೆಯಿತು. ನಕಲು ಪ್ರತಿಗಳ ಮೇಲೆ 'ಮೂಲದಂತೆಯೇ ಇದೆ' ಎಂದು ಸಹಿ ಹಾಕಬೇಕಾದ ದೊಡ್ಡ ಅಧಿಕಾರಿ ಕುರ್ಚಿಯಲ್ಲಿ ಸಿಗುವುದೇ ಇಲ್ಲ ಎಂದು ಜನ ಗೋಳಾಡಿದಾಗ, ಆ ಸಹಿಯನ್ನೂ ಇವನೇ ಹಾಕಿಕೊಟ್ಟ. ಒಂದಲ್ಲ ಎರಡಲ್ಲ, ನಲವತ್ತೊಂದು ಸಲ. ಕೋರ್ಟಿನಲ್ಲಿ ನಲವತ್ತೊಂದನ್ನೂ ಮುಂದಿಟ್ಟಾಗ ಆ ದೊಡ್ಡ ಅಧಿಕಾರಿ ಕನ್ನಡಕ ಏರಿಸಿ ನೋಡಿ, ಎಲ್ಲವೂ ತಮ್ಮವೇ ಎಂದರು. ಕೇಸು ಅಲ್ಲಿಗೇ ಬಿದ್ದುಹೋಗುತ್ತಿತ್ತು. ಇವನಿಗೆ ತಡೆಯಲಾಗಲಿಲ್ಲ, ಇಲ್ಲ ಸ್ವಾಮಿ, ನಿಮ್ಮದು ಇಷ್ಟು ಚೆನ್ನಾಗಿರೋದಿಲ್ಲ ಎಂದುಬಿಟ್ಟ.

ಮೊದಲ ತಪ್ಪು ಎಂದು ನ್ಯಾಯಾಧೀಶರು ಆರು ತಿಂಗಳ ಜೈಲನ್ನು ತಡೆಹಿಡಿದು, ಮುಚ್ಚಳಿಕೆ ಬರೆಸಿಕೊಂಡು, ಒಂದು ವರ್ಷದ ಪ್ರೊಬೇಷನ್ ಹಾಕಿದರು. ತಿಂಗಳ ಮೊದಲ ಸೋಮವಾರ ಹನ್ನೊಂದು ಗಂಟೆಗೆ ಇವನು ಅಧಿಕಾರಿಯ ಕಚೇರಿಗೆ ಹೋಗಿ ಮುಖ ತೋರಿಸಬೇಕು. ತಿಂಗಳಿಗೊಮ್ಮೆ ಅಧಿಕಾರಿ ಮನೆಗೆ ಬಂದು ಇವನು ಹೇಗೆ ಬದುಕುತ್ತಿದ್ದಾನೆ ಎಂದು ನೋಡಿ ಬರೆಯಬೇಕು. ಸಾರ್ವಜನಿಕ ಉದ್ಯಾನದಲ್ಲಿ ನೂರು ಗಂಟೆ ಗುಡಿಸಬೇಕು. ಹೇಳದೆ ಕೇಳದೆ ಊರು ಬಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ವರ್ಷ ಮುಗಿಯುವತನಕ ಯಾರಿಗೂ ಒಂದಕ್ಷರ ಬರೆದುಕೊಡಬಾರದು, ಸುಳ್ಳು ಕಾಗದ ಮುಟ್ಟಬಾರದು. ಒಂದು ಷರತ್ತು ಮುರಿದರೂ ಆರು ತಿಂಗಳು ಒಳಗೆ. ವರ್ಷ ನಾಳೆಗೆ ಮುಗಿಯುತ್ತದೆ.

ಅಧಿಕಾರಿ: ನಾಳೆ ಹನ್ನೊಂದು ಗಂಟೆಗೆ ಈ ಹಾಳೆಗಳು ನ್ಯಾಯಾಧೀಶರ ಮುಂದೆ ಇರ್ಬೇಕು. ಪ್ರತಿಯೊಂದರ ಮೇಲೂ ನನ್ನ ಸಹಿ, ನಿನ್ನ ಸಹಿ, ಮನೆಯವರೊಬ್ಬರ ಸಹಿ. ಇದ್ರೆ ನಿನಗೆ ಬಿಡುಗಡೆ. ಇಲ್ದಿದ್ರೆ 'ಸಹಕರಿಸಲಿಲ್ಲ' ಅಂತ ಒಂದು ಸಾಲು ಬರೀಬೇಕಾಗುತ್ತೆ.

ದುಂಡಕ್ಷರ: ಬರೀರಿ. ಅದೊಂದು ಸಾಲನ್ನಾದ್ರೂ ನೀವು ಕಣ್ಣಾರೆ ನೋಡಿ ಬರೆದ ಹಾಗಾಗುತ್ತೆ.

ಹೆಂಡತಿ: ರೀ, ನೀವು ಸುಮ್ನಿರಿ. ಜೈಲಿಗೆ ಹೋಗೋದು ನೀವಾದ್ರೂ, ಬುತ್ತಿ ಹೊರೋದು ನಾನು. ಕೊಡಿ ಸಾರ್ ಇಲ್ಲಿ. ನಾನು ಯಾವುದಕ್ಕೆ ಸಹಿ ಹಾಕ್ಬೇಕು ಅಂತ ಓದಿಯಾದ್ರೂ ನೋಡ್ತೀನಿ.

ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿ, ಕನ್ನಡಕ ಹಾಕಿಕೊಂಡಳು.

ಹೆಂಡತಿ: 'ಜನವರಿ. ಮನೆಯಲ್ಲಿ ಭೇಟಿಯಾದೆ. ಕುಡಿತದ ಚಟ ವಿಪರೀತವಾಗಿದೆ. ತಿಳಿಹೇಳಿದೆ.' ಯಾರಿಗ್ರೀ ಕುಡಿತದ ಚಟ?

ದುಂಡಕ್ಷರ: ನನಗಂತೂ ಅಲ್ಲ. ನಾನು ಕೆಮ್ಮಿನ ಔಷಧಿಗೂ ಮುಖ ಸಿಂಡರಿಸೋನು.

ಅಧಿಕಾರಿ: ಅದು ಇರ್ಲೇಬೇಕಮ್ಮ. ಮೊದಲನೇ ತಿಂಗಳೇ ಒಳ್ಳೆ ಮನುಷ್ಯ ಅಂತ ಬರೆದುಬಿಟ್ರೆ, ಉಳಿದ ಹನ್ನೊಂದು ತಿಂಗಳು ನಾನು ಏನನ್ನ ಸುಧಾರಿಸ್ಲಿ? ಸುಧಾರಣೆ ಅಂದ್ರೆ ಕೆಳಗಿಂದ ಮೇಲಕ್ಕೆ ಬರ್ಬೇಕು. ಆಗಸ್ಟ್ ನೋಡಿ, ಪೂರ್ತಿ ಬಿಡಿಸಿದ್ದೀನಿ.

ಹೆಂಡತಿ: ಕುಡಿಸಿದ್ದೂ ನೀವೇ, ಬಿಡಿಸಿದ್ದೂ ನೀವೇ. ನಡುವೆ ಏಳು ತಿಂಗಳು ನಾನು ಏನ್ಮಾಡ್ತಿದ್ದೆ? ಓಹೋ, ಇಲ್ಲಿದೆ. 'ಫೆಬ್ರವರಿ. ಹೆಂಡತಿ ಕಣ್ಣೀರಿಟ್ಟರು. ಮಾರ್ಚ್. ಹೆಂಡತಿ ಮತ್ತೆ ಕಣ್ಣೀರಿಟ್ಟರು. ಜೂನ್. ಹೆಂಡತಿಗೆ ಆನಂದಬಾಷ್ಪ.' ಸಾರ್, ನಮ್ಮಮ್ಮ ತೀರಿಕೊಂಡಾಗಲೂ ನಾನು ಇಷ್ಟು ಅತ್ತಿಲ್ಲ.

ಅಧಿಕಾರಿ: ನ್ಯಾಯಾಧೀಶರಿಗೆ ಕಣ್ಣೀರು ಹಿಡಿಸುತ್ತಮ್ಮ.

ಹೆಂಡತಿ: 'ಮೇ. ಗಂಡ ಪಾತ್ರೆ ತೊಳೆದುಕೊಡುತ್ತಿರುವುದಾಗಿ ಹೆಂಡತಿ ಸಂತೋಷದಿಂದ ತಿಳಿಸಿದರು.' ಇದೊಂದಕ್ಕೆ ಈಗಲೇ ಸಹಿ ಹಾಕ್ತೀನಿ, ಇವರು ಇವತ್ತಿಂದ ಶುರು ಮಾಡೋದಾದ್ರೆ.

ದುಂಡಕ್ಷರ: ನೀನು ಅವರ ಕಡೆಯೋ ನನ್ನ ಕಡೆಯೋ?

ಹೆಂಡತಿ: ಪಾತ್ರೆ ಕಡೆ. 'ಜುಲೈ. ಮಗನ ಓದಿನ ಬಗ್ಗೆ ಕಾಳಜಿ ವಹಿಸುತ್ತಿದ್ದಾನೆ.' ಯಾವ ಮಗ ಸಾರ್? ನಮಗಿರೋದು ಒಬ್ಬಳೇ ಮಗಳು. ಅವಳಿಗೇ ಎರಡು ಮಕ್ಕಳಾಗಿವೆ.

ಸಾಹೇಬರು ಚೀಲದಿಂದ ಒಂದು ಡೈರಿ ತೆಗೆದು, ಹೆಬ್ಬೆರಳು ನೆಕ್ಕಿ, ಪುಟ ತಿರುವಿದರು. ಹಿಂದೆ ಹೋದರು, ಮುಂದೆ ಬಂದರು. ಒಂದು ಕುಟುಂಬ ಕಳೆದುಹೋದರೆ ಹುಡುಕುವ ಆತಂಕ ಮುಖದಲ್ಲಿರಲಿಲ್ಲ. ಛತ್ರಿ ಎಲ್ಲಿಟ್ಟೆ ಎಂದು ನೆನಪಿಸಿಕೊಳ್ಳುವಷ್ಟು ಬೇಸರ ಇತ್ತು.

ಅಧಿಕಾರಿ: ಆ ಮಗ ಸೈಕಲ್ ಕಳ್ಳನವನು ಅಂತ ಕಾಣುತ್ತೆ. ಎರಡು ಫೈಲು ಒಟ್ಟಿಗೆ ಬರೀತಿದ್ದೆ.

ಹೆಂಡತಿ: ಹಾಗಾದ್ರೆ ನಮ್ಮ ಮಗಳು ಸೈಕಲ್ ಕಳ್ಳನ ಫೈಲಲ್ಲಿ ಇರ್ತಾಳೆ. ಅಲ್ಲಿಗೆ ಹೋದಾಗ ಚೆನ್ನಾಗಿದ್ದಾಳಾ ಅಂತ ಒಂದು ಮಾತು ಕೇಳಿ ಬನ್ನಿ. ಅಲ್ಲಿಗೂ ಹೋಗಲ್ಲ ಅನ್ನೋದಾದ್ರೆ ಬಿಡಿ.

ಅಧಿಕಾರಿ: ನನ್ನ ಕಷ್ಟ ನಿಮಗೆ ಗೊತ್ತಿಲ್ಲಮ್ಮ. ನೂರ ಹನ್ನೆರಡು ಜನ ನನ್ನ ಕೈಕೆಳಗೆ ಇದ್ದಾರೆ. ಇರೋದು ಒಂದು ಜೀಪು, ಅದೂ ಗ್ಯಾರೇಜಲ್ಲಿ. ನೂರ ಹನ್ನೆರಡು ಮನೆಗೆ ನಡ್ಕೊಂಡು ಹೋದ್ರೆ ನನ್ನ ಕಾಲು ಉಳಿಯುತ್ತಾ?

ಹೆಂಡತಿ: ನೂರ ಹನ್ನೆರಡು ಜನಾನೂ ಹೀಗೇ ನೋಡ್ಕೊಂಡಿದ್ದೀರಾ?

ಅಧಿಕಾರಿ: ಎಲ್ಲರೂ ಸುಧಾರಿಸಿದ್ದಾರೆ. ಸುಧಾರಣೆಯಲ್ಲಿ ನಮ್ಮ ಇಲಾಖೆಗೇ ನಾನು ಮೊದಲನೆಯವನು.

ಇದನ್ನು ಸಾಹೇಬರು ನಾಚಿಕೆಯಿಲ್ಲದೆ ಹೇಳಿದರು. ನಾಚಿಕೆ ಬಿಟ್ಟಿದ್ದರಿಂದಲ್ಲ, ನಿಜವೆಂದೇ ನಂಬಿದ್ದರಿಂದ. ವರ್ಷಗಟ್ಟಲೆ ತಾನೇ ಬರೆದದ್ದನ್ನು ತಾನೇ ಓದಿದವನಿಗೆ ಊರೆಲ್ಲ ಸಜ್ಜನರಿಂದ ತುಂಬಿರುವಂತೆ ಕಾಣುವುದು ಸಹಜ.

ಅಷ್ಟರಲ್ಲಿ ದುಂಡಕ್ಷರ ಒಂದು ಹಾಳೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಿದ್ದ. ಬರೆದಿದ್ದ ವಿಷಯದ ಮೇಲೆ ಅವನಿಗೆ ಅಷ್ಟೇನೂ ಸಿಟ್ಟಿರಲಿಲ್ಲ. ಕೆಲಸದ ಮೇಲೆ ಇತ್ತು.

ದುಂಡಕ್ಷರ: ಹನ್ನೆರಡು ತಿಂಗಳೂ ಒಂದೇ ಪೆನ್ನಲ್ಲಿ ಬರೆದಿದ್ದೀರಿ.

ಅಧಿಕಾರಿ: ಒಳ್ಳೆ ಪೆನ್ನು.

ದುಂಡಕ್ಷರ: ಒಳ್ಳೇದೇ ಇರ್ಬಹುದು. ನವೆಂಬರ್ ಹೊತ್ತಿಗೆ ಮಸಿ ತೆಳುವಾಗಿದೆ, ಡಿಸೆಂಬರಲ್ಲಿ ಖಾಲಿಯಾಗಿದೆ. ಅಂದ್ರೆ ಜನವರಿಯಿಂದ ಡಿಸೆಂಬರ್ ತನಕ ಒಂದೇ ಸಲ ಕೂತು ಬರೆದು ಮುಗಿಸಿದ್ದೀರಿ. ಒಂದು ಹಾಳೆಗೂ ಮಡಿಕೆ ಇಲ್ಲ. ಜೇಬಲ್ಲಿ ಇಟ್ಕೊಂಡು ಮನೆಮನೆ ತಿರುಗಿದ ಕಾಗದ ಹೀಗಿರುತ್ತಾ?

ಅಧಿಕಾರಿ: ಇಷ್ಟೆಲ್ಲ ಯಾರು ನೋಡ್ತಾರೆ?

ದುಂಡಕ್ಷರ: ಕೆಳಗೆ ಮೂಲೇಲಿ ಸಣ್ಣಕ್ಷರ ನೋಡಿ. ಈ ನಮೂನೆ ಅಚ್ಚಾಗಿದ್ದು ಅಕ್ಟೋಬರಲ್ಲಿ. ಅಕ್ಟೋಬರಲ್ಲಿ ಹುಟ್ಟಿದ ಕಾಗದದ ಮೇಲೆ ನೀವು ಜನವರೀಲಿ ಬರೆದಿದ್ದೀರಿ. ನಾನು ನಲವತ್ತೊಂದು ಮಾಡಿದೆ, ಒಂದರಲ್ಲೂ ಇಂಥ ಎಡವಟ್ಟು ಇರ್ಲಿಲ್ಲ. ನನ್ನ ಮೇಲೆ ಕಣ್ಣಿಡೋಕೆ ನಿಮ್ಮನ್ನ ಇಟ್ಟಿದ್ದಾರಲ್ಲ ಸ್ವಾಮಿ, ನನಗೇ ಅವಮಾನ.

ಹೆಂಡತಿ: ಹೆಮ್ಮೆ ಆಮೇಲೆ ಪಡಿ. ಮೊದಲು ಆ ಹಾಳೆ ಕೆಳಗಿಡಿ.

ಅವನು ಕೆಳಗಿಟ್ಟ. ಇಡುವಾಗ ತಾರೀಖಿನ ಮೇಲೆ ಬೆರಳಿಟ್ಟು ನಿಂತ. ಎರಡನೇ ಹಾಳೆಯ ಮೇಲೆ ಇಟ್ಟ, ಮೂರನೆಯದರ ಮೇಲೂ ಇಟ್ಟ.

ದುಂಡಕ್ಷರ: ಈ ತಾರೀಖುಗಳನ್ನ ಹೇಗೆ ಆರಿಸಿಕೊಂಡ್ರಿ?

ಅಧಿಕಾರಿ: ಎಲ್ಲ ತಿಂಗಳ ಮೊದಲನೇ ಸೋಮವಾರ, ಹನ್ನೊಂದು ಗಂಟೆ. ನೆನಪಿಡೋಕೆ ಸುಲಭ ನೋಡು.

ದುಂಡಕ್ಷರ: ತಿಂಗಳ ಮೊದಲನೇ ಸೋಮವಾರ ಹನ್ನೊಂದು ಗಂಟೆಗೆ ನಾನು ಎಲ್ಲಿರ್ಬೇಕು ಅಂತ ಕೋರ್ಟ್ ಹೇಳಿದೆ?

ಸಾಹೇಬರು ಡೈರಿಯನ್ನು ನಿಧಾನಕ್ಕೆ ಮುಚ್ಚಿದರು.

ಅಧಿಕಾರಿ: ನನ್ನ ಆಫೀಸಲ್ಲಿ.

ದುಂಡಕ್ಷರ: ಇದ್ದೆ, ಹನ್ನೆರಡು ಸಲಾನೂ. ನಿಮ್ಮ ರೂಮಿಗೆ ಬೀಗ. ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ ಅಂದ ಗುಮಾಸ್ತ. ಒಂದು ಗಂಟೆವರೆಗೂ ಬೆಂಚಿನ ಮೇಲೆ ಕೂತು ಎದ್ದು ಬರ್ತಿದ್ದೆ.

ಅಧಿಕಾರಿ: ಬಂದಿದ್ದೆ ಅನ್ನೋಕೆ ಸಾಕ್ಷಿ ಏನು?

ದುಂಡಕ್ಷರ: ನಿಮ್ಮ ಗೇಟಿನ ಕಾವಲುಗಾರನ ಪುಸ್ತಕ. ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಯಾರನ್ನ ನೋಡೋಕೆ ಬಂದ್ರಿ, ಸಿಕ್ಕಿದ್ರಾ ಅಂತ ಅದರಲ್ಲಿ ನಾವೇ ಬರೀಬೇಕು. ಹನ್ನೆರಡು ಕಡೆ 'ಸಿಗಲಿಲ್ಲ' ಅಂತ ಬರೆದಿದ್ದೀನಿ. ದೂರದಿಂದಲೂ ಓದಬಹುದು.

ಹೆಂಡತಿ: ಅಂದ್ರೆ ಅದೇ ದಿನ, ಅದೇ ಹೊತ್ತಿಗೆ, ಇವರು ನಿಮ್ಮ ಬೆಂಚಿನ ಮೇಲೆ. ನೀವು ನಮ್ಮನೆ ಕುರ್ಚಿ ಮೇಲೆ. ನಾನು ಯಾರ ಮುಂದೆ ಅಳ್ತಾ ಕೂತಿದ್ದೆ ಸಾರ್?

ಸಾಹೇಬರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಆದರೂ ಅಧಿಕಾರ ಅಷ್ಟು ಬೇಗ ಬಿಟ್ಟುಹೋಗುವ ಜ್ವರವಲ್ಲ. ಉದ್ಯಾನದ ನೂರು ಗಂಟೆಗೆ ಲೆಕ್ಕವಿದೆಯೇ ಎಂದು ಗದರಿಸಿ ನೋಡಿದರು. ಹೆಂಡತಿ ಹೊಲಿಗೆ ಯಂತ್ರದ ಡ್ರಾಯರಿನಿಂದ ಒಂದು ಕಾರ್ಡು ತೆಗೆದು ಮುಂದಿಟ್ಟಳು. ಅದರ ತುಂಬ ಹೆಬ್ಬೆಟ್ಟಿನ ಗುರುತು.

ಹೆಂಡತಿ: ತೋಟದ ಮೇಸ್ತ್ರಿಗೆ ಗಡಿಯಾರ ನೋಡೋಕೆ ಬೇಜಾರು. ಎಲೆ ಉದುರೋದು ನಿಲ್ಲೋವರೆಗೂ ಗುಡಿಸು ಅಂದ. ನೂರು ಗಂಟೆ ಹೋಗಿ ನೂರ ಮೂವತ್ತಾಯ್ತು. ಆದ್ರೆ ಆ ಪುಣ್ಯಾತ್ಮ ಪ್ರತಿದಿನ ಎದುರಿಗೆ ನಿಂತು, ನೋಡಿ, ಹೆಬ್ಬೆಟ್ಟು ಒತ್ತಿದ್ದಾನೆ. ಇಡೀ ಕೇಸಲ್ಲಿ ನಮ್ಮವರ ಕೈಲಿ ನಕಲು ಮಾಡೋಕಾಗದೇ ಇರೋದು ಅದೊಂದೇ.

ದುಂಡಕ್ಷರ: ಅದನ್ನ ಯಾಕೆ ಈಗ ಎತ್ತುತ್ತೀಯ?

ಅಧಿಕಾರಿ: ನೋಡಿ, ನೀವು ಸ್ವಲ್ಪ ಸಮಾಧಾನವಾಗಿ ಕೂತ್ಕೊಳ್ಳಿ.

ಹೆಂಡತಿ: ಆಗಲೇ 'ನೀನು' ಇದ್ದದ್ದು ಈಗ 'ನೀವು' ಆಯ್ತು. ಸುಧಾರಣೆ ಕೆಳಗಿಂದ ಮೇಲಕ್ಕೆ ಬರ್ತಾ ಇದೆ.

ಸಾಹೇಬರು ಅವಳ ಕಡೆ ನೋಡಲಿಲ್ಲ. ಕುರ್ಚಿಯನ್ನು ದುಂಡಕ್ಷರನ ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿದರು. ಈ ಹಾಳೆಗಳು ನಾಳೆ ಹೀಗೇ ಹೋದರೆ ತಮ್ಮ ಕೆಲಸ ಹೋಗುತ್ತದೆ, ಹೋಗದೇ ಇದ್ದರೂ ಹೋಗುತ್ತದೆ ಎಂದರು. ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಮಕ್ಕಳಿದ್ದಾರೆ, ನಿವೃತ್ತಿಗೆ ಮೂರೇ ವರ್ಷ ಇದೆ ಎಂದರು. ಆಮೇಲೆ ಹೇಳಬೇಕಾದದ್ದನ್ನು ಹೇಳಿದರು.

ಅಧಿಕಾರಿ: ಹಳೇ ನಮೂನೆಗಳು ನನ್ನ ಬೀರುವಿನಲ್ಲಿವೆ. ತರ್ತೀನಿ. ಬೇರೆ ಬೇರೆ ಪೆನ್ನು, ಬೇರೆ ತಾರೀಖು. ನಿಮ್ಮ ಕೈ ಅಂದ್ರೆ ಕೈ, ಆ ದೊಡ್ಡ ಅಧಿಕಾರಿಗೇ ಗುರುತು ಸಿಕ್ಕಿಲ್ಲ. ನೀವು ಕೂತ್ರೆ ಒಂದು ಗಂಟೆ ಕೆಲಸ. ನಾಳೆ ನಿಮ್ಮದೂ ಮುಗೀತು, ನಂದೂ ಉಳೀತು.

ದುಂಡಕ್ಷರ ಕೂಡಲೇ ಬೇಡ ಎನ್ನಲಿಲ್ಲ. ವರ್ಷದಿಂದ ಅವನು ಗೇಟಿನ ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ಬರೆದಿರಲಿಲ್ಲ. ಮನೆಯ ಪೆನ್ನುಗಳನ್ನೆಲ್ಲ ಹೆಂಡತಿ ಗುಂಡಿಗಳ ಡಬ್ಬಿಯಲ್ಲಿ ಹಾಕಿ ಬೀಗ ಜಡಿದಿದ್ದಳು. ಈಗ ಅವನ ಬಲಗೈ ಮೇಜಿನ ಮೇಲೆ ತಾನಾಗಿಯೇ ಬರೆಯುವ ಭಂಗಿಗೆ ಬಂದಿತ್ತು.

ದುಂಡಕ್ಷರ: ಮೂರು ಬಗೆ ಮಸಿ ಬೇಕಾಗುತ್ತೆ. ಬೇಸಿಗೆ ತಿಂಗಳ ಹಾಳೆಗಳನ್ನ ಬಿಸಿಲಿಗೆ ಸ್ವಲ್ಪ—

ಕತ್ತರಿ ಮೇಜಿನ ಮೇಲೆ ಧಡ್ ಎಂದು ಬಿತ್ತು. ಅದು ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಅವನ ಬೆರಳಿಗೂ ಅದಕ್ಕೂ ನಡುವೆ ಜಾಗ ಹೆಚ್ಚಿರಲಿಲ್ಲ.

ಹೆಂಡತಿ: ಮುಂದಕ್ಕೆ ಹೇಳಿ. ಬಿಸಿಲಿಗೆ ಸ್ವಲ್ಪ ಏನು?

ದುಂಡಕ್ಷರ: ಸುಮ್ನೆ ಬಾಯಿಮಾತಿಗೆ ಅಂದೆ ಕಣೇ.

ಹೆಂಡತಿ: ನಿಮ್ಮ ಮೇಲೆ ಈ ವರ್ಷ ಕಣ್ಣಿಟ್ಟೋರು ಯಾರು? ಇವರಾ? ಇವರು ಯಾವತ್ತು ಬರ್ತಾರೋ ಅಂತ ನಾನು ದಿನಾ ಬೆಳಿಗ್ಗೆ ಈ ಕೋಣೆ ಗುಡಿಸಿ, ಕುರ್ಚಿ ಒರೆಸಿ ಇಡ್ತಿದ್ದೆ. ಮಾರ್ಚಲ್ಲಿ ಮಗಳಿಗೆ ಹೆರಿಗೆ ಆಯ್ತು, ನಾನು ಹೋಗ್ಲಿಲ್ಲ. ಸಾಹೇಬರು ಬಂದಾಗ ಮನೆಗೆ ಬೀಗ ಇದ್ರೆ ಏನು ಬರೀತಾರೋ ಅನ್ನೋ ಭಯ. ಮೊಮ್ಮಗು ಮುಖ ನೋಡಿದ್ದು ಅದಕ್ಕೆ ನಾಲ್ಕು ತಿಂಗಳಾದ ಮೇಲೆ. ಬಾಗಿಲು ಸದ್ದಾದಾಗೆಲ್ಲ ಎದೆ ಹೊಡ್ಕೊಳ್ಳೋದು. ಇವರ ಹಾಳೇಲಿ ಮಾರ್ಚಲ್ಲಿ ನಾನು ಅತ್ತಿದ್ದೆ ಅಂತ ಇದೆ ನೋಡಿ. ಅದೊಂದು ನಿಜ. ಆದ್ರೆ ನೋಡೋಕೆ ಇವರು ಇರ್ಲಿಲ್ಲ.

ಗಂಡನಿಗೆ ನಾಚಿಕೆಯಾಯಿತು, ಕೋರ್ಟಿನ ಕಟಕಟೆಯಲ್ಲೂ ಆಗದಷ್ಟು. ಕೈಯನ್ನು ಮೇಜಿನಿಂದ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ದುಂಡಕ್ಷರ: ಸ್ವಾಮಿ, ನಾನು ಬರೆಯೋದಿಲ್ಲ. ನೀವು ಬರೀರಿ. ನಾನು ಹೇಳ್ತೀನಿ. ಹೇಳಬಾರದು ಅಂತ ಕೋರ್ಟ್ ಹೇಳಿಲ್ಲ.

ಅಧಿಕಾರಿ: ಏನು ಬರೀಲಿ?

ದುಂಡಕ್ಷರ: ಅರ್ಜಿ. ನಿಮ್ಮದು. ಖಾಲಿ ಹಾಳೆ ತಗೊಳ್ಳಿ. 'ಮಾನ್ಯ ನ್ಯಾಯಾಧೀಶರ ಸನ್ನಿಧಾನಕ್ಕೆ.' ಎಡಗಡೆ ಜಾಗ ಬಿಡಿ. ಇದೇನು ಅಕ್ಷರವೋ, ಇರುವೆ ಸಾಲೋ?

ಅಧಿಕಾರಿ: ಮುಂದಕ್ಕೆ ಹೇಳಿ. 'ಕಾರ್ಯದೊತ್ತಡದ ನಿಮಿತ್ತ ಭೇಟಿಗಳು ಸಾಧ್ಯವಾಗಿರುವುದಿಲ್ಲ' ಅಂತ ಹಾಕ್ಲಾ?

ದುಂಡಕ್ಷರ: ಯಾರಿಗೆ ಸಾಧ್ಯವಾಗ್ಲಿಲ್ಲ? ಭೇಟಿಗಳು ತಾವೇ ಎದ್ದು ಹೋಗ್ಬೇಕಿತ್ತಾ? 'ನಾನು ಹೋಗಲಿಲ್ಲ' ಅಂತ ಬರೀರಿ.

ಅಧಿಕಾರಿ: 'ಕೆಲವು ಬಾರಿ'—

ಹೆಂಡತಿ: 'ಒಂದು ಸಲವೂ.'

ಸಾಹೇಬರು ಬರೆದರು. ಮೂವತ್ತು ವರ್ಷ ಊರಿನ ತಪ್ಪುಗಳನ್ನೆಲ್ಲ ಬರೆದ ಕೈ, ಸ್ವಂತದ್ದು ಒಂದನ್ನು ಬರೆಯುವಾಗ ಎರಡು ಸಲ ನಿಂತಿತು. ದುಂಡಕ್ಷರ ಹೇಳುತ್ತ ಹೋದ: ಇವನು ಹನ್ನೆರಡು ಸಲ ಬಂದ, ನಾನು ಇರಲಿಲ್ಲ, ಗೇಟಿನ ಪುಸ್ತಕ ತರಿಸಿ ನೋಡುವುದು. ಉದ್ಯಾನದ ಕೆಲಸ ನೂರಲ್ಲ, ನೂರ ಮೂವತ್ತು ಗಂಟೆ ಮಾಡಿದ್ದಾನೆ, ಮೇಸ್ತ್ರಿಯ ಹೆಬ್ಬೆಟ್ಟು ಲಗತ್ತಿಸಿದೆ. ಮನೆಯಲ್ಲಿ ಹೇಗಿದ್ದ ಎಂಬುದು ನನಗೆ ತಿಳಿಯದು, ಅವನ ಹೆಂಡತಿಯನ್ನೇ ಕೇಳಿ ತಿಳಿಯಬಹುದು. ಇವನು ಷರತ್ತು ಮುರಿದಿಲ್ಲ, ಮುರಿದದ್ದು ನಾನು. ಇವನನ್ನು ಬಿಡುಗಡೆ ಮಾಡಬೇಕೆಂದು ಪ್ರಾರ್ಥನೆ.

ಕೊನೆಗೆ ಸಾಹೇಬರು ಸಹಿ ಹಾಕಿ, ಇವತ್ತಿನ ತಾರೀಖು ಬರೆದರು. ಆ ಫೈಲಿಗೆ ಅವರು ಬರೆದ ಕಾಗದಗಳಲ್ಲಿ ನಡೆದದ್ದನ್ನು ನಡೆದಂತೆ ಹೇಳುವುದು ಅದೊಂದೇ ಇರಬೇಕು. ಹನ್ನೆರಡು ಹಾಳೆಗಳನ್ನು ಅವರು ಚೀಲಕ್ಕೆ ತುಂಬಿಕೊಳ್ಳಲು ಹೋದರು. ಹೆಂಡತಿ ಬಿಡಲಿಲ್ಲ. ಹಿಂಭಾಗ ಖಾಲಿ ಇದೆ, ಕಾಲರಿಗೆ ಅಚ್ಚು ಕತ್ತರಿಸಲು ಬರುತ್ತದೆ ಎಂದು ಜನವರಿಯಿಂದ ಡಿಸೆಂಬರಿನವರೆಗೆ ಒಟ್ಟಿಗೇ ಮಡಿಸಿ ಕತ್ತರಿ ಹಾಕಿದಳು.

ಸಾಹೇಬರು ಬಾಗಿಲತನಕ ಹೋದವರು ಹೊಸ್ತಿಲಲ್ಲಿ ನಿಂತರು. ಚಪ್ಪಲಿಯಲ್ಲಿ ಒಂದು ಕಾಲು ಇತ್ತು, ಇನ್ನೊಂದು ಹೊರಗಿತ್ತು.

ಅಧಿಕಾರಿ: ಇಷ್ಟೆಲ್ಲ ಒಪ್ಕೊಂಡ ಮೇಲೆ, ನನಗೇನು ಮಾಡ್ತಾರೆ?

ದುಂಡಕ್ಷರ: ಮೊದಲ ತಪ್ಪಲ್ವಾ ಸ್ವಾಮಿ. ಒಳಗೆ ಹಾಕೋದಿಲ್ಲ. ಮುಚ್ಚಳಿಕೆ ಬರೆಸ್ಕೊಂಡು ಮನೆಗೆ ಕಳಿಸ್ತಾರೆ. ಮೇಲೆ ಒಬ್ಬ ಅಧಿಕಾರೀನ ನೇಮಿಸ್ತಾರೆ. ಅವರು ತಿಂಗಳಿಗೊಂದು ಸಲ ಮನೆಗೆ ಬಂದು, ನಿಮ್ಮ ನಡತೆ ಹೇಗಿದೆ ಅಂತ ಮನೆಯವರನ್ನೆಲ್ಲ ಕೇಳಿ ಬರ್ಕೊಂಡು ಹೋಗ್ತಾರೆ.

ಅಧಿಕಾರಿ: ಮನೆಗೆ ಬರ್ತಾರಾ? ಅಕ್ಕಪಕ್ಕದವರೆಲ್ಲ ನೋಡೋ ಹಾಗೆ?

ಹೆಂಡತಿ ಕತ್ತರಿಯಿಂದ ತಲೆ ಎತ್ತಲಿಲ್ಲ.

ಹೆಂಡತಿ: ಹೆದರ್ಬೇಡಿ ಸಾರ್. ಯಾರೂ ಬರಲ್ಲ.